ಬೂದಿಗೂ ಒಬ್ಬ ಗಿರಾಕಿ: ಸಕ್ಕರೆ ಕಾರ್ಖಾನೆಯಲ್ಲಿ ನನ್ನ ಅನುಭವ

ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಕಾರ್ಖಾನೆಗಳು ಮಾಲಿನ್ಯ ನಿಯಂತ್ರಣ ಮಂಡಳಿಗೆ ಫಾರ್ಮ್ 5 ಕೊಡಬೇಕು. ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಎಷ್ಟು ನೀರು ಬಳಸಿದಿರಿ, ಎಷ್ಟು ಕಚ್ಚಾ ಮಾಲು ಹೋಯಿತು, ಎಷ್ಟು ಕಸ ಬಂತು, ಅದನ್ನು ಏನು ಮಾಡಿದಿರಿ ಎಂದು ಬರೆಯುವ ಫಾರ್ಮ್ ಅದು. ಬೆಳಗಾವಿ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಗೆ ಪರಿಸರ ಅಧಿಕಾರಿಯಾಗಿ ಸೇರಿದ ವರ್ಷ ಅದನ್ನು ತುಂಬಲು ಕೂತೆ. ಬಾಯ್ಲರಿನಲ್ಲಿ ಕಬ್ಬಿನ ಸಿಪ್ಪೆ ಸುಟ್ಟು ಉಳಿಯುವ ಬೂದಿಯ ಕಾಲಮ್ ಬಂದಾಗ ಹಳೆಯ ಫೈಲ್ ತೆಗೆದು ನೋಡಿದೆ. ಕಬ್ಬು ನುರಿಸಿದ್ದು ಒಂದೊಂದು ವರ್ಷ ಒಂದೊಂದು ಥರ ಇತ್ತು. ಬೂದಿ ಮಾತ್ರ ಮೂರು ವರ್ಷವೂ ಒಂದೇ ಅಂಕಿ. ಅಂದರೆ ಬೂದಿಯನ್ನು ಯಾರೂ ತೂಗಿಯೇ ಇರಲಿಲ್ಲ.

ನಮ್ಮ ಗೇಟಿನಲ್ಲಿ ಗಾಡಿ ತೂಗುವ ದೊಡ್ಡ ಕಾಟಾ ಇದೆ. ಒಳಗೆ ಬರುವ ಕಬ್ಬಿಗೆ ಕಿಲೋ ಲೆಕ್ಕ, ಹೊರಗೆ ಹೋಗುವ ಸಕ್ಕರೆಗೆ ಗ್ರಾಂ ಲೆಕ್ಕ. ಅದೇ ಕಾಟಾದ ಪಕ್ಕದಲ್ಲೇ ಬೂದಿಯ ಟ್ರಾಲಿಗಳು ದಿನಾ ಹಾದು ಹೋಗುತ್ತಿದ್ದವು. ಅವುಗಳನ್ನು ಎಣಿಸುವವರೂ ಇರಲಿಲ್ಲ. ಗೋಡೆಯ ಮೇಲೆ ಪರಿಸರ ನಿರ್ವಹಣೆಯ ಐಎಸ್‌ಒ 14001 ಸರ್ಟಿಫಿಕೇಟ್ ಇತ್ತು. ಕೊಳೆನೀರು ಶುದ್ಧ ಮಾಡುವ ಇಟಿಪಿ ಚೆನ್ನಾಗಿ ನಡೆಯುತ್ತಿತ್ತು. ಆದರೂ ನಾವು ನೋಡುತ್ತಿದ್ದದ್ದು ಪೈಪಿನ ಕೊನೆಯನ್ನು ಮಾತ್ರ.

ಇಂಡಸ್ಟ್ರಿಯಲ್ ಇಕಾಲಜಿ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಒಂದು ತರಬೇತಿಯಲ್ಲಿ. ಕಾಡಿನಲ್ಲಿ ಉದುರಿದ ಎಲೆ ಹುಳುವಿಗೆ ಆಹಾರ, ಹುಳುವಿನ ಹಿಕ್ಕೆ ಬೇರಿಗೆ ಆಹಾರ. ಕಾರ್ಖಾನೆಗಳೂ ಹಾಗೇ ಒಂದರ ಉಳಿಕೆಯನ್ನು ಇನ್ನೊಂದು ಉಂಡು ಬದುಕಬಹುದಲ್ವಾ ಎಂಬುದು ಅದರ ಪ್ರಶ್ನೆ. 1989ರಲ್ಲಿ ಜನರಲ್ ಮೋಟಾರ್ಸ್‌ನ ರಾಬರ್ಟ್ ಫ್ರಾಶ್ ಮತ್ತು ನಿಕೋಲಸ್ ಗ್ಯಾಲೊಪೌಲೋಸ್ ಇದನ್ನು ಬರೆದ ಮೇಲೆ ಮಾತು ಹರಡಿತು. ಉದಾಹರಣೆಯಾಗಿ ಎಲ್ಲರೂ ಹೇಳುವುದು ಡೆನ್ಮಾರ್ಕ್‌ನ ಕಾಲುಂಡ್‌ಬೋರ್ಗ್ ಊರನ್ನು. ಅಲ್ಲಿನ ರಿಫೈನರಿ, ವಿದ್ಯುತ್ ಸ್ಥಾವರ, ಜಿಪ್ಸಮ್ ಬೋರ್ಡ್ ಕಾರ್ಖಾನೆ, ಔಷಧ ಕಂಪನಿ ಹಬೆ, ಗ್ಯಾಸ್, ನೀರು ಎಲ್ಲ ಹಂಚಿಕೊಳ್ಳುತ್ತವೆ.

ನನ್ನ ಮನಸ್ಸಿಗೆ ನಾಟಿದ್ದು ಮಾತ್ರ ನಂಜನಗೂಡು. ಅಲ್ಲಿನ ಕೈಗಾರಿಕಾ ಪ್ರದೇಶದ 42 ಕಾರ್ಖಾನೆಗಳನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ವರ್ಷಕ್ಕೆ ಸುಮಾರು 9 ಲಕ್ಷ ಟನ್ ಉಳಿಕೆ ಬರುತ್ತಿತ್ತು. ಅದರಲ್ಲಿ ಶೇ 99.5ರಷ್ಟು ಒಂದಲ್ಲ ಒಂದು ರೀತಿ ಮತ್ತೆ ಬಳಕೆಯಾಗುತ್ತಿತ್ತು. ಬಹುಪಾಲು ಹುಟ್ಟಿದ ಕಾರ್ಖಾನೆಯಲ್ಲೇ ಮರುಬಳಕೆಯಾಗುತ್ತಿತ್ತು, ಅದರಲ್ಲೂ ದೊಡ್ಡ ಪಾಲು ಒಂದು ಸಕ್ಕರೆ ಕಾರ್ಖಾನೆಯದು. ಗೇಟು ದಾಟಿ ಹೋದದ್ದರಲ್ಲಿ ಶೇ 90ಕ್ಕಿಂತ ಜಾಸ್ತಿ 20 ಕಿಲೋಮೀಟರ್ ಒಳಗೇ ಯಾರದೋ ಕೈ ಸೇರುತ್ತಿತ್ತು. ಡೆನ್ಮಾರ್ಕಿಗೆ ಹೋಗಿ ಕಲಿಯಬೇಕಾದ್ದಿಲ್ಲ, ನಮ್ಮ ಗುಜರಿಯವರು, ಇಟ್ಟಿಗೆಯವರು, ರೈತರು ಇದನ್ನು ಮೊದಲಿಂದ ಮಾಡುತ್ತಲೇ ಇದ್ದಾರೆ ಅನ್ನಿಸಿತು. ನಮ್ಮ ಕಡೆಯಿಂದ ಬಾಕಿ ಇದ್ದದ್ದು ಲೆಕ್ಕ ಮತ್ತು ಹೊಣೆ.

ಮೊದಲ ಕೆಲಸವಾಗಿ ದಿನಕ್ಕೆ 5,000 ಟನ್ ಕಬ್ಬಿಗೆ ಏನೇನು ಹೊರಬರುತ್ತದೆ ಎಂದು ಒಂದೇ ಹಾಳೆಯಲ್ಲಿ ಬರೆದೆ. ಸಕ್ಕರೆ ಸುಮಾರು 525 ಟನ್. ರಸ ಹಿಂಡಿದ ಸಿಪ್ಪೆ, ಅಂದರೆ ಬಗಾಸ್ 1,400 ಟನ್. ಕಾಕಂಬಿ 225 ಟನ್. ರಸ ಸೋಸಿದಾಗ ಉಳಿಯುವ ಕೆಸರು, ಅಂದರೆ ಪ್ರೆಸ್‌ಮಡ್ 180 ಟನ್. ಬೂದಿ 25 ಟನ್ ಆಸುಪಾಸು. ಕೂಡಿಸಿದರೆ ಅರ್ಧ ತೂಕವೂ ಆಗಲಿಲ್ಲ. ಉಳಿದದ್ದೆಲ್ಲ ನೀರು. ಕಬ್ಬಿನಲ್ಲಿ ಶೇ 70ರಷ್ಟು ನೀರೇ ಇರುತ್ತದೆ. ದಿನಕ್ಕೆ 3,500 ಟನ್ ನೀರನ್ನು ರೈತರು ಟ್ರಾಲಿಯಲ್ಲಿ ಹೇರಿಕೊಂಡು ಬಂದು ನಮ್ಮ ಯಾರ್ಡಿನಲ್ಲಿ ಇಳಿಸುತ್ತಿದ್ದರು. ನಾವು ಅದನ್ನು ಕುದಿಸಿ ಹಬೆ ಮಾಡಿ, ಹಬೆ ತಣಿದು ಬಂದ ಬಿಸಿನೀರಿನಲ್ಲಿ ಬೇಕಾದಷ್ಟು ಬಳಸಿ ಉಳಿದದ್ದನ್ನು ಚರಂಡಿಗೆ ಬಿಟ್ಟು, ಅದೇ ಹೊತ್ತಿಗೆ ನದಿಯಿಂದ ಪಂಪ್ ಮಾಡುತ್ತಿದ್ದೆವು. 2016ರಲ್ಲಿ ನಿಯಮ ಬಿಗಿಯಾಗಿ, ಟನ್ ಕಬ್ಬಿಗೆ ಕೂಲಿಂಗ್ ನೀರೂ ಸೇರಿ 200 ಲೀಟರ್‌ಗಿಂತ ಜಾಸ್ತಿ ಹೊರಗೆ ಬಿಡುವಂತಿಲ್ಲ ಎಂದಾಯಿತು. ಆಗ ಹಬೆ ತಣಿದ ನೀರನ್ನೇ ಪೂರ್ತಿ ಬಳಸೋಣ ಎಂದು ಆ ಹಾಳೆಯನ್ನು ಹಿಡಿದು ಜನರಲ್ ಮ್ಯಾನೇಜರ್ ಹತ್ತಿರ ಹೋದೆ. ಅವರು ಬಹಳ ಹೊತ್ತು ನೋಡಿ, "ಇಷ್ಟು ದಿನ ಇದನ್ನ ಯಾರೂ ಹಿಂಗ ಬರೆದು ತೋರಿಸಿರಲಿಲ್ಲ ನೋಡ್ರಿ" ಎಂದರು.

ಆದರೆ ಬಾಯ್ಲರ್ ಇಂಜಿನಿಯರ್ ಒಪ್ಪಲಿಲ್ಲ, ಅವರು ಹೇಳಿದ್ದೂ ಸರಿಯೇ ಇತ್ತು. ಆ ನೀರಿನಲ್ಲಿ ಒಮ್ಮೊಮ್ಮೆ ಸಕ್ಕರೆಯ ಅಂಶ ಸೇರಿಬಿಡುತ್ತದೆ. ರಸ ಉಕ್ಕಿ ಹಬೆಯ ಜೊತೆ ಹಾರಿ ಬರುತ್ತದೆ. ಬಾಯ್ಲರ್‌ಗೆ ಸಕ್ಕರೆ ಹೋದರೆ ನೊರೆ ಏಳುತ್ತದೆ, ನೀರು ಹುಳಿಯಾಗಿ ಟ್ಯೂಬ್ ತಿನ್ನುತ್ತದೆ. ಬಾಯ್ಲರ್ ಬಿಟ್ಟು ಉಳಿದ ಕಡೆಗೆ ಎಂದು ತೀರ್ಮಾನವಾಯಿತು. ನೀರನ್ನು ತಣಿಸಿ, ಶುದ್ಧ ಮಾಡಿ, ಕೂಲಿಂಗ್ ಟವರಿಗೆ ಕೊಟ್ಟೆವು. ಎರಡನೇ ತಿಂಗಳು ಒಂದು ರಾತ್ರಿ ರಸ ಉಕ್ಕಿದ್ದು ಯಾರಿಗೂ ಗೊತ್ತಾಗಲಿಲ್ಲ. ಬೆಳಿಗ್ಗೆ ನೋಡಿದರೆ ಟವರಿನ ತೊಟ್ಟಿಯಲ್ಲಿ ಲೋಳೆ. ವಾರವಿಡೀ ಹುಳಿ ವಾಸನೆ ಹೋಗಲಿಲ್ಲ. ತಪ್ಪು ನನ್ನದು. ಪೈಪ್ ಜೋಡಿಸುವ ಬಗ್ಗೆ ಯೋಚಿಸಿದ್ದೆ, ಅದನ್ನು ಕಾಯುವವರ ಬಗ್ಗೆ ಯೋಚಿಸಿರಲಿಲ್ಲ.

ಆಮೇಲೆ ಪ್ರತಿ ಗಂಟೆಗೆ ಪರೀಕ್ಷೆ ಕಡ್ಡಾಯ ಮಾಡಿದೆವು. ಪರೀಕ್ಷಾ ನಳಿಕೆಗೆ ಸ್ವಲ್ಪ ನೀರು, ನಾಲ್ಕೈದು ಹನಿ ಆಲ್ಫಾ ನ್ಯಾಫ್ಥಾಲ್ ಎಂಬ ರಾಸಾಯನಿಕ. ನಳಿಕೆ ಓರೆ ಮಾಡಿ ಗಾಜಿನ ಗೋಡೆಗುಂಟ ಗಂಧಕಾಮ್ಲವನ್ನು ಮೆಲ್ಲಗೆ ಇಳಿಸಬೇಕು. ಆಮ್ಲ ತಳಕ್ಕೆ ಹೋಗಿ ನಿಲ್ಲುತ್ತದೆ. ನೀರು ಮತ್ತು ಆಮ್ಲ ಕೂಡುವ ಕಡೆ ನೇರಳೆ ಬಣ್ಣದ ಬಳೆ ಮೂಡಿದರೆ ಸಕ್ಕರೆ ಇದೆ ಎಂದರ್ಥ, ಕೂಡಲೇ ವಾಲ್ವ್ ತಿರುಗಿಸಬೇಕು. ರಾತ್ರಿ ಪಾಳಿಯ ಹುಡುಗರಿಗೆ ಇದನ್ನು ಕಲಿಸಿದೆ. ಈಗ ಅವರು ನನಗಿಂತ ಬೇಗ ಗುರುತಿಸುತ್ತಾರೆ.

ಬೂದಿಯ ಕತೆ ಬೇರೆ. ನಮ್ಮಿಂದ ಎಂಟು ಕಿಲೋಮೀಟರ್ ದೂರದಲ್ಲಿ ಇಟ್ಟಿಗೆ ಭಟ್ಟಿ ಇಟ್ಟವರೊಬ್ಬರು ಬೂದಿ ಒಯ್ಯಲು ಮುಂದೆ ಬಂದರು. ಸುಡದೇ ಉಳಿದ ಕಾರ್ಬನ್ ಬೂದಿಯಲ್ಲಿರುತ್ತದೆ. ಮಣ್ಣಿಗೆ ಹದವಾಗಿ ಬೆರೆಸಿದರೆ ಅದು ಇಟ್ಟಿಗೆಯ ಒಳಗೇ ಉರಿದು ಭಟ್ಟಿಗೆ ಉರುವಲು ಉಳಿಸುತ್ತದೆ. ಅವರಿಗೆ ಲಾಭ, ನಮಗೆ ಬೂದಿ ಗುಡ್ಡದ ತಲೆನೋವು ಇಲ್ಲ. ಹಂಗಾಮಿನ ಕಾಲವೂ ಕೂಡಿ ಬರುತ್ತದೆ. ನಾವು ಕಬ್ಬು ನುರಿಸುವ ಚಳಿಗಾಲ, ಬೇಸಿಗೆಯಲ್ಲೇ ಅವರೂ ಇಟ್ಟಿಗೆ ಸುಡುವುದು. ನಾನು ಖುಷಿಯಿಂದ ವರದಿಯಲ್ಲಿ ಬರೆದುಕೊಂಡೆ. ಆರನೇ ವಾರ ಅವರು ಒಂದು ಇಟ್ಟಿಗೆ ಹಿಡಿದು ಆಫೀಸಿಗೆ ಬಂದರು. ನನ್ನ ಮೇಜಿನ ಅಂಚಿಗೆ ಮೆಲ್ಲಗೆ ಬಡಿದರು. ಎರಡು ಹೋಳಾಯಿತು. ಹೊರಗೆ ಕೆಂಪು, ಒಳಗೆ ಕಪ್ಪು ತಿರುಳು.

"ಸಾಹೇಬ್ರ, ದಿನಾ ಒಂದೊಂದು ನಮೂನಿ ಬೂದಿ ಕಳಸ್ತೀರಿ. ಒಂದಿನ ಬಿಳಿದು, ಒಂದಿನ ಕರೀದು, ಒಂದಿನ ಹಸಿ ರಾಡಿ. ನಾ ಯಾವ ಲೆಕ್ಕದಾಗ ಮಣ್ಣ ಕಲಸ್ಲಿ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಕ್ಕರೆಯ ಗಿರಾಕಿ ಬಣ್ಣ ಸ್ವಲ್ಪ ಬದಲಾದರೂ ದೂರು ಕೊಡುತ್ತಾನೆ, ನಾವು ಓಡಾಡಿ ಸರಿಪಡಿಸುತ್ತೇವೆ. ಬೂದಿಯನ್ನು ನಂಬಿ ಒಬ್ಬ ಮನುಷ್ಯ ಇಪ್ಪತ್ತು ಸಾವಿರ ಇಟ್ಟಿಗೆ ಸುಟ್ಟಿದ್ದಾನೆ, ಅವನೂ ನಮ್ಮ ಗಿರಾಕಿಯೇ. ನಮ್ಮ ಉಳಿಕೆಯನ್ನು ಇನ್ನೊಬ್ಬರು ಕಚ್ಚಾ ಮಾಲು ಎಂದು ಒಯ್ದ ದಿನದಿಂದ ಅದಕ್ಕೂ ಗುಣಮಟ್ಟ ಬೇಕು, ಅದರ ಜವಾಬ್ದಾರಿ ಗೇಟಿನಲ್ಲಿ ಮುಗಿಯುವುದಿಲ್ಲ. ಇದು ನನಗೆ ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ತಳದ ಬೂದಿ ಮತ್ತು ಹೊಗೆಯಿಂದ ಹಿಡಿದ ಕರಿ ಬೂದಿಯನ್ನು ಬೇರೆ ಬೇರೆ ಗುಂಡಿಗೆ ಹಾಕಿಸಿದೆ. ಲ್ಯಾಬಿನಲ್ಲಿ ಮಫಲ್ ಫರ್ನೇಸ್ ಎಂಬ ಸಣ್ಣ ಕುಲುಮೆ ಹೇಗೂ ಇತ್ತು. ದಿನಾ ಒಂದು ಗ್ರಾಂ ಒಣಗಿಸಿದ ಬೂದಿಯನ್ನು ಪಿಂಗಾಣಿ ಬಟ್ಟಲಿನಲ್ಲಿ ಇಟ್ಟು ಸುಡುತ್ತೇವೆ. ಇದ್ದಿಲಿನ ಹಾಗೆ ಕಪ್ಪಗೆ ಒಳಗೆ ಹೋದದ್ದು ತಿಳಿ ಬೂದು ಬಣ್ಣದ ಪುಡಿಯಾಗಿ ಬರುತ್ತದೆ. ಕಡಿಮೆಯಾದ ತೂಕವೇ ಸುಡದೆ ಉಳಿದಿದ್ದ ಕಾರ್ಬನ್. ಆ ಅಂಕಿಯನ್ನು ಟ್ರಾಲಿಯ ಚೀಟಿಯ ಮೇಲೆ ಬರೆದು ಕಳಿಸಲು ಶುರು ಮಾಡಿದೆವು.

ಹದಿನೈದು ದಿನದ ಅಂಕಿ ನೋಡಿದ ಬಾಯ್ಲರ್ ಇಂಜಿನಿಯರ್ ತಾವಾಗಿಯೇ ನನ್ನ ಹತ್ತಿರ ಬಂದರು. ಬೂದಿಯಲ್ಲಿ ಹೋಗುತ್ತಿರುವ ಕಾರ್ಬನ್ ಅಂದರೆ ಅವರ ಬಗಾಸ್ ಸುಡದೇ ಹೊರಗೆ ಹೋಗುತ್ತಿದೆ ಎಂದರ್ಥ. ಫರ್ನೇಸಿಗೆ ಬಿಡುವ ಗಾಳಿಯನ್ನು ಸರಿ ಮಾಡಿಸಿದರು. ಮಿಲ್ಲಿನವರ ಬೆನ್ನು ಬಿದ್ದು ಬಗಾಸ್‌ನ ತೇವ ಶೇ 50 ದಾಟದಂತೆ ನೋಡಿಕೊಂಡರು. ಬೂದಿ ಒಂದೇ ಥರ ಬರತೊಡಗಿತು. ಇಟ್ಟಿಗೆಯವರ ದೂರಿನಿಂದ ನಮ್ಮ ಬಾಯ್ಲರ್ ಸುಧಾರಿಸಿತು.

ಉಳಿಕೆ ಎಲ್ಲಿಗಾದರೂ ಹೋದರೆ ಸಾಕು ಎಂದು ನಾನು ಈಗ ನಂಬುವುದಿಲ್ಲ. ತಮಿಳುನಾಡಿನ ಕರೂರಿನ ಹತ್ತಿರ ಟಿಎನ್‌ಪಿಎಲ್ ಎಂಬ ಕಂಪನಿ ಬಗಾಸ್‌ನಿಂದ ಕಾಗದ ಮಾಡುತ್ತದೆ. ಸಕ್ಕರೆ ಕಾರ್ಖಾನೆಗಳಿಂದ ಬಗಾಸ್ ಪಡೆದು, ಬದಲಿಗೆ ಅವುಗಳಿಗೆ ಬೇರೆ ಇಂಧನ ಕೊಡುವ ವ್ಯವಸ್ಥೆಯನ್ನು ಅದು ಬೆಳೆಸಿತು. ಮರ ಉಳಿಯಿತು, ಅದು ದೊಡ್ಡ ಕೆಲಸ. ಆದರೆ ಬದಲಿಗೆ ಉರಿಯುವುದು ಕಲ್ಲಿದ್ದಲಾದರೆ ಲೆಕ್ಕ ಬೇರೆಯಾಗುತ್ತದೆ. ಎರಡೂ ಕಡೆಯದನ್ನು ಒಂದೇ ಹಾಳೆಯಲ್ಲಿ ಬರೆಯದೆ ಒಳ್ಳೆಯದು ಕೆಟ್ಟದ್ದು ಅನ್ನುವಂತಿಲ್ಲ.

ಪೊಟ್ಯಾಷ್ ವಿಷಯದಲ್ಲಿ ಮಾತ್ರ ನನಗೆ ಅನುಮಾನ ಇಲ್ಲ. ಕಬ್ಬು ಮಣ್ಣಿನಿಂದ ಪೊಟ್ಯಾಷ್ ಎಳೆದುಕೊಳ್ಳುತ್ತದೆ. ಅದರಲ್ಲಿ ಬಹುಪಾಲು ಕಾಕಂಬಿಗೆ ಬರುತ್ತದೆ. ಕಾಕಂಬಿಯಿಂದ ಎಥನಾಲ್ ತೆಗೆದ ಮೇಲೆ ಉಳಿಯುವ ಕಂದು ಸ್ಪೆಂಟ್ ವಾಶ್‌ನಲ್ಲಿ ಅದೆಲ್ಲ ಇರುತ್ತದೆ. ಹಿಂದೆ ಹಳ್ಳ ಹಾಳು ಮಾಡಿದ ನೀರು ಇದು. ಈಗ ಅದನ್ನು ಗಟ್ಟಿ ಮಾಡಿ ಬಾಯ್ಲರಿನಲ್ಲಿ ಸುಟ್ಟರೆ ಪೊಟ್ಯಾಷ್ ಇರುವ ಬೂದಿ ಸಿಗುತ್ತದೆ. ನಮ್ಮ ದೇಶ ಪೊಟ್ಯಾಷ್ ಗೊಬ್ಬರಕ್ಕೆ ಹೊರದೇಶವನ್ನೇ ನಂಬಿಕೊಂಡಿದೆ. ಕಾಕಂಬಿಯಿಂದ ಬಂದ ಪೊಟ್ಯಾಷನ್ನು ಕೇಂದ್ರ ಸರ್ಕಾರ 2021ರಲ್ಲಿ ಗೊಬ್ಬರದ ಸಬ್ಸಿಡಿಗೆ ಸೇರಿಸಿತು. ಹೊಲದಿಂದ ಬಂದದ್ದು ಹೊಲಕ್ಕೆ ಮರಳುವ ದಾರಿ ತೆರೆಯಿತು.

ಪ್ರೆಸ್‌ಮಡ್‌ನದು ಇನ್ನೂ ಬಗೆಹರಿದಿಲ್ಲ. ನಾವು ಅದನ್ನು ಸಾಲು ಗುಡ್ಡೆ ಹಾಕಿ, ತಿರುವಿ, ಕಾಂಪೋಸ್ಟ್ ಮಾಡಿ ಕಬ್ಬಿನ ರೈತರಿಗೆ ಕೊಡುತ್ತಿದ್ದೆವು. ಹಸಿ ಪ್ರೆಸ್‌ಮಡ್ ಹೊಲಕ್ಕೆ ಹಾಕಿದರೆ ಕಾವು ಏರಿ ಸಸಿ ಸುಡುತ್ತದೆ. ಚಳಿಗಾಲದ ಬೆಳಿಗ್ಗೆ ಆ ಗುಡ್ಡೆಗಳ ಮೇಲೆ ಹಬೆ ಏಳುವುದು ದೂರದಿಂದಲೇ ಕಾಣುತ್ತದೆ. 2018ರಲ್ಲಿ ಜೈವಿಕ ಅನಿಲಕ್ಕೆ ಉತ್ತೇಜನ ಕೊಡುವ ಕೇಂದ್ರದ ಸತತ್ ಯೋಜನೆ ಬಂದ ಮೇಲೆ ಗ್ಯಾಸ್ ಮಾಡುವವರು ಪ್ರೆಸ್‌ಮಡ್ ಕೇಳಿಕೊಂಡು ಬರುತ್ತಿದ್ದಾರೆ, ದುಡ್ಡು ಕೊಟ್ಟು. ಕಂಪನಿಗೆ ಆದಾಯ, ಗ್ಯಾಸೂ ಒಳ್ಳೆಯದೇ. ಆದರೆ ಇಷ್ಟು ವರ್ಷ ಅದನ್ನು ನಂಬಿದ್ದ ಸಣ್ಣ ರೈತನ ಹೊಲಕ್ಕೆ ಏನು? ಗ್ಯಾಸ್ ತೆಗೆದ ಮೇಲೂ ಗೊಬ್ಬರದ ಸತ್ವ ಕೊನೆಗೆ ಉಳಿಯುವ ರಾಡಿಯಲ್ಲಿ, ಅಂದರೆ ಸ್ಲರಿಯಲ್ಲಿ ಉಳಿದೇ ಇರುತ್ತದೆ. ಆ ಸ್ಲರಿಯಲ್ಲಿ ಒಂದು ಪಾಲು ನಮಗೆ ಕಬ್ಬು ಕೊಡುವ ರೈತರಿಗೆ ವಾಪಸ್ ಬರಬೇಕು ಎಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಿ ಎಂದು ನಾನು ಕೇಳುತ್ತಿದ್ದೇನೆ. ಎರಡು ಸಲ ಕರಡಿನಿಂದ ಅದನ್ನು ತೆಗೆದರು. ಮೂರನೇ ಸಲ ಬರೆದು ಕೊಟ್ಟಿದ್ದೇನೆ. ಈ ಸಲ ಜೊತೆಗೆ ಐದು ವರ್ಷದ ಕಾಟಾ ಚೀಟಿಗಳ ಲೆಕ್ಕ ಲಗತ್ತಿಸಿದ್ದೇನೆ, ಯಾವ ಊರಿಗೆ ಎಷ್ಟು ಟನ್ ಹೋಗಿತ್ತು ಎಂದು.