ಊಟ ಬರುವುದು ನಿಂತ ಮೇಲೆ

ನೆರೆ ಇಳಿದ ಮೊದಲ ವಾರ ಮುಂಬಯಿಯಲ್ಲಿ ಅನ್ನಕ್ಕೆ ಬರ ಬರುವುದಿಲ್ಲ. 2005ರ ಜುಲೈ 26ರ ಮಳೆಯ ಬಳಿಕ ಕುರ್ಲಾ, ಕಲೀನಾದ ಗಲ್ಲಿಗಳಿಗೆ ಗುರುದ್ವಾರದವರು, ಮಸೀದಿಯವರು, ಗಣೇಶೋತ್ಸವ ಮಂಡಳದ ಹುಡುಗರು, ನಮ್ಮ ಉಡುಪಿ ಹೋಟೆಲಿನವರು, ಎಲ್ಲರೂ ಪಾತ್ರೆ ಹೊತ್ತು ಬಂದರು. ಹಳೆ ಬಟ್ಟೆಯ ಗಂಟುಗಳು ನಮ್ಮ ಕನ್ನಡ ಸಂಘದ ಮೆಟ್ಟಿಲವರೆಗೆ ಪೇರಿಸಿದ್ದವು. ನಾನಾಗ ಸಂಘದ ಕೋಶಾಧಿಕಾರಿ. ಹಗಲು ಬ್ಯಾಂಕಿನ ಕೆಲಸ, ಸಂಜೆ ಸಂಘ. ಸಮಿತಿಯ ಸಭೆಯಲ್ಲಿ ನಾನು ಪಟ್ಟು ಹಿಡಿದದ್ದು ಒಂದೇ ವಿಷಯಕ್ಕೆ: ಊಟಕ್ಕೆಂದು ನಾವು ಹಣ ಎತ್ತುವುದು ಬೇಡ. ಊಟ ಬರುವುದು ನಿಂತ ಮೇಲೆ ಮನೆ ಮತ್ತೆ ನಡೆಯಲು ಏನು ಬೇಕೋ ಅದಕ್ಕೆ ಎತ್ತೋಣ.

ಏನು ಬೇಕು ಎಂಬುದನ್ನು ಕೇಳಿಯೇ ತಿಳಿಯಬೇಕು. ಮೀಠಿ ನದಿಯ ಪಕ್ಕದ ಚಾಳುಗಳಲ್ಲಿ ಖೋಲಿ ಖೋಲಿ ಹತ್ತಿ ಇಳಿದೆವು. "ಅಕ್ಕಿ ಇದೆ ಅಣ್ಣ, ಬೇಯಿಸಲು ಒಲೆಯೇ ಇಲ್ಲ" ಅಂದರು ಒಬ್ಬ ಅಕ್ಕ. ಇನ್ನೊಂದು ಮನೆಯಲ್ಲಿ ಹೊಲಿಗೆ ಯಂತ್ರದ ಮೋಟಾರು ಕೆಸರು ತುಂಬಿ ಸತ್ತಿತ್ತು. ಆ ಮನೆಯ ಸಂಪಾದನೆ ಅದೊಂದೇ. ಇಡ್ಲಿ ಗಾಡಿಯವನ ಗ್ರೈಂಡರು ತೇಲಿ ಹೋಗಿತ್ತು. ಹಾಸಿಗೆ, ಶಾಲೆಯ ಪುಸ್ತಕ, ಅಂಕಪಟ್ಟಿ. ನನಗೆ ಹೆಚ್ಚು ಚಿಂತೆಯಾದದ್ದು ಹೋಟೆಲಿನಲ್ಲೇ ದುಡಿದು ಹೋಟೆಲಿನಲ್ಲೇ ಮಲಗುವ ನಮ್ಮ ಊರಿನ ಹುಡುಗರದು. ರೇಷನ್ ಕಾರ್ಡಿಲ್ಲ, ಬಾಡಿಗೆ ಚೀಟಿಯಿಲ್ಲ. ಪಂಚನಾಮೆ, ಅಂದರೆ ನಷ್ಟದ ಮಹಜರು, ಬರೆಯುವವರಿಗೆ ತೋರಿಸಲು ಅವರ ಬಳಿ ಒಂದು ತುಂಡು ಕಾಗದವೂ ಇರಲಿಲ್ಲ. ಟ್ರಂಕು ಹೋದರೆ ಅವರ ಪಾಲಿಗೆ ಮನೆಯೇ ಹೋದಂತೆ.

ಒಂದು ಮನೆಗೆ ಒಂದು ಕಾರ್ಡು ಬರೆದೆವು. ಹೆಸರಿಲ್ಲ, ನಂಬರು ಮಾತ್ರ. ಕೆಳಗೆ ಬೇಕಾದ ವಸ್ತು, ಅದರ ಮುಂದೆ ಅಂಗಡಿಯಲ್ಲಿ ವಿಚಾರಿಸಿದ ಬೆಲೆ. ಹಣ ಎತ್ತಿದ್ದು ಈ ಕಾರ್ಡುಗಳೇ ಎಂದು ಇವತ್ತಿಗೂ ಹೇಳುತ್ತೇನೆ.

ಯಾಕೆಂದರೆ ಮುಂಬಯಿ ಒಂದೇ ಊರಲ್ಲ. ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದರೆ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು 73. ಕೊಲಾಬಾ ಪಕ್ಕದ ಫೋರ್ಟಿನ ಹೋಟೆಲ್ ಧಣಿಗಳು ಟೀವಿಯಲ್ಲಿ ನೀರು ನೋಡಿದ್ದರೇ ಹೊರತು ತಮ್ಮ ಹೊಸ್ತಿಲಲ್ಲಿ ಕಂಡಿರಲಿಲ್ಲ. "ನೆರೆ ಸಂತ್ರಸ್ತರಿಗೆ ಸಹಾಯ ಮಾಡಿ" ಎಂದರೆ ನೂರೊಂದು ರೂಪಾಯಿ ಕೊಟ್ಟು ಕೈಮುಗಿಯುತ್ತಾರೆ, ಅದು ತಪ್ಪೂ ಅಲ್ಲ. ನಾವು ಹೋದದ್ದು ಮಧ್ಯಾಹ್ನ ಮೂರರ ಮೇಲೆ, ಊಟದ ಗಲಾಟೆ ಮುಗಿದು ಧಣಿ ಗಲ್ಲೆಯಲ್ಲಿ ನಿರಾಳವಾಗಿ ಕೂತಿರುವ ಹೊತ್ತು. ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, "ಶೆಟ್ಟ್ರೇ, ಇದರಲ್ಲಿ ಒಂದು ಮನೆ ನಿಮ್ಮದು" ಎಂದೆವು. ಅವರು ಕನ್ನಡಕ ಹಾಕಿ ಒಂದೊಂದೇ ಓದಿದರು. ಗ್ರೈಂಡರಿನ ಕಾರ್ಡನ್ನು ಬೇರೆ ತೆಗೆದಿಟ್ಟು, "ಇದು ನನಗಿರಲಿ ಮಾರಾಯ್ರೇ, ನಾನೂ ರುಬ್ಬಿಯೇ ಮೇಲೆ ಬಂದವನು" ಎಂದರು. ಚೆಕ್ಕು ಬರೆದರು. ಪಕ್ಕದ ಬೀದಿಯ ಭಾವನಿಗೂ ಅಲ್ಲಿಂದಲೇ ಫೋನು ಮಾಡಿದರು.

ರಸೀದಿ ಪುಸ್ತಕಕ್ಕೆ ಮುದ್ರಿತ ಸಂಖ್ಯೆ, ಮೂರು ಪ್ರತಿ. ಹಣ ಕೇಳಲು ಯಾರನ್ನೂ ಒಬ್ಬರನ್ನೇ ಕಳಿಸಲಿಲ್ಲ. ಬಂದದ್ದೆಲ್ಲ ಬೇರೆಯೇ ಖಾತೆಗೆ, ಮರುದಿನವೇ. ನಮ್ಮ ಸಂಘ 1950ರ ಸಾರ್ವಜನಿಕ ನ್ಯಾಸ ಕಾಯಿದೆಯಡಿ ಧರ್ಮಾದಾಯ ಆಯುಕ್ತರಲ್ಲಿ ನೋಂದಣಿಯಾದದ್ದು, ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಮಾನ್ಯತೆಯೂ ಇತ್ತು. ಹಾಗಾಗಿ ದೊಡ್ಡ ಮೊತ್ತ ಕೇಳಲು ಧೈರ್ಯವಿತ್ತು. ಈಗ ಇಂಥ ಕೆಲಸಕ್ಕೆ ಇಳಿಯುವವರು ಗಮನಿಸಿ: 2000 ರೂಪಾಯಿ ಮೀರಿದ ನಗದು ದಾನಕ್ಕೆ ಆ ವಿನಾಯಿತಿ ಸಿಗುವುದಿಲ್ಲ, ದಾನಿಗಳ ಪ್ಯಾನ್ ಸಂಖ್ಯೆ ಪಡೆದು ದಾನದ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕು. ನೋಂದಣಿ ಇಲ್ಲದ ಗೆಳೆಯರ ಗುಂಪಾದರೆ ಇರುವ ಸಂಘವೊಂದರ ಜೊತೆ ಸೇರಿಕೊಳ್ಳುವುದೇ ಒಳ್ಳೆಯದು.

ಮಳೆಗಾಲವಾದದ್ದು ಒಂದು ಅನುಕೂಲವೂ ಆಯಿತು. ತುಳುನಾಡಿನಲ್ಲಿ ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಊರಿನ ಯಕ್ಷಗಾನ ಕಲಾವಿದರು ಮುಂಬಯಿ ತಿರುಗಾಟಕ್ಕೆ ಬರುತ್ತಾರಲ್ಲ, ಅಂಥ ಒಂದು ತಂಡ ಸಹಾಯಾರ್ಥ ಆಟ ಆಡಲು ಒಪ್ಪಿತು. ಟಿಕೆಟ್ ಇಡಲಿಲ್ಲ. ಅಧ್ಯಕ್ಷರ ಭಾಷಣ, ಹಾರ ತುರಾಯಿ ಯಾವುದೂ ಬೇಡವೆಂದು ಮೊದಲೇ ನಿಶ್ಚಯಿಸಿ, ನಡುವೆ ಚೆಂಡೆ ನಿಲ್ಲಿಸಿ ಕಾರ್ಡುಗಳನ್ನು ಓದಿದೆವು. "ನಂಬರು ಇಂತಿಷ್ಟು, ಒಂದು ಒಲೆ, ಎರಡು ಹಾಸಿಗೆ." ಸಭೆಯಿಂದ ಕೈಗಳು ಎದ್ದವು. ವೇಷ ಕಳಚಿದ ಮೇಲೆ ಕಲಾವಿದರೇ ಸೇರಿ ಒಂದು ಕಾರ್ಡು ವಹಿಸಿಕೊಂಡರು.

ಆಗಸ್ಟಿನಲ್ಲಿ ಇಲಿಜ್ವರ ಹಬ್ಬಿತು. ಒಲೆಗೆ ಬಂದ ಹಣವನ್ನು ಔಷಧಿಗೆ ತಿರುಗಿಸೋಣ ಎಂದು ಸಮಿತಿಯಲ್ಲಿ ಕೆಲವರು ಒತ್ತಾಯಿಸಿದರು. ಜ್ವರದ ಭಯ ನನಗೂ ಇತ್ತು. ಆದರೆ ಒಲೆಗೆಂದು ಕೊಟ್ಟವರ ಹಣ ಒಲೆಗೇ ಹೋಗಬೇಕು. ಔಷಧಿಗೂ ಕೆಸರು ಎತ್ತುವವರ ಗಮ್‌ಬೂಟಿಗೂ ಬೇರೆ ಕಾರ್ಡು ಬರೆದು ಬೇರೆಯೇ ಎತ್ತಿದೆವು, ಅದೂ ಬಂತು.

ವಸ್ತುಗಳನ್ನು ಕೊಂಡದ್ದು ಕುರ್ಲಾದ ಅಂಗಡಿಗಳಿಂದಲೇ. ಸಗಟು ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತಿತ್ತು ನಿಜ, ಆದರೆ ಈ ಅಂಗಡಿಯವರ ದಾಸ್ತಾನೂ ಅದೇ ನೀರಿನಲ್ಲಿ ಮುಳುಗಿತ್ತು. ಅಂಗಡಿಗೆ ನೇರ ಚೆಕ್ಕು, ಮನೆಯವರ ಕೈಗೆ ಚೀಟಿ. ಅವರೇ ಹೋಗಿ ತಮಗೆ ಬೇಕಾದ ಒಲೆ ಆರಿಸಿಕೊಂಡರು. ಹೋಟೆಲ್ ಹುಡುಗರಿಗೆ ಮಾತ್ರ ನಗದೇ ಕೊಟ್ಟೆವು. ಬೇರೆ ಬೇರೆ ಕಡೆ ಕೆಲಸ ಹುಡುಕುತ್ತಿದ್ದವರಿಗೆ ಚೀಟಿಯಿಂದ ಏನು ಉಪಯೋಗ?

ಪ್ರತಿ ದಾನಿಗೂ ಅಂಚೆ ಕಾರ್ಡು ಹೋಯಿತು: ನಿಮ್ಮ ಹಣದಿಂದ ಇಂಥ ವಸ್ತು, ಇಂಥ ತಾರೀಕು ತಲುಪಿದೆ. ದೀಪಾವಳಿಯ ಹೊತ್ತಿಗೆ ಸ್ವಲ್ಪ ಉಳಿದಿತ್ತು. ದಾನಿಗಳಿಗೆ ಪತ್ರ ಬರೆದು ಒಪ್ಪಿಗೆ ಪಡೆದು, ಪುಸ್ತಕ ಕಳೆದುಕೊಂಡ ಕನ್ನಡ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ, ಚೀಲ ಕೊಡಿಸಿದೆವು. ಲೆಕ್ಕಪರಿಶೋಧಕರ ಸಹಿಯಾದ ಜಮಾ ಖರ್ಚನ್ನು ಸಂಘದ ಫಲಕಕ್ಕೆ ಅಂಟಿಸಿ ಆ ಖಾತೆಯನ್ನು ಮುಚ್ಚಿದೆವು.