ಪರದೆ ಮಡಚಿಟ್ಟ ಮೇಲೂ ಆಟ ನಿಲ್ಲಲಿಲ್ಲ

"ಆರು ತಿಂಗಳಲ್ಲಿ ನಿನ್ನ ಗುಂಪು ಚದುರದಿದ್ದರೆ ಕೇಳು ಮಾರಾಯ" ಎಂದಿದ್ದ ಭದ್ರಾವತಿಯ ಗೆಳೆಯ. ಅವನೂ ನನ್ನಂತೆ ಗೇಮ್ ಮಾಸ್ಟರ್, ಅಂದರೆ ಆಟಗಾರರು ಒಂದೊಂದು ಪಾತ್ರವಾಗಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ ಕಥೆ ನಡೆಸುತ್ತ ಶತ್ರುಗಳ ಪರ ದಾಳ ಎಸೆಯುವವನು; ನನಗಿಂತ ಹಳಬ. ಇನ್ನು ಮುಂದೆ ದಾಳವನ್ನು ಎಲ್ಲರ ಕಣ್ಣೆದುರೇ ಉರುಳಿಸುತ್ತೇನೆ, ಬಿದ್ದದ್ದನ್ನು ತಿದ್ದುವುದಿಲ್ಲ ಎಂದು ನಾನು ಹೇಳಿದ್ದಕ್ಕೆ ಸಿಕ್ಕ ಆಶೀರ್ವಾದ ಅದು. ಈಗ ಹದಿನಾಲ್ಕು ತಿಂಗಳಾಗಿರಬೇಕು. ಶಿವಮೊಗ್ಗದ ನಮ್ಮ ಮನೆಯ ಮಹಡಿಯಲ್ಲಿ ಭಾನುವಾರ ಐದು ಜನ ಸೇರುತ್ತಲೇ ಇದ್ದಾರೆ. ಒಬ್ಬ ತೀರ್ಥಹಳ್ಳಿಯಿಂದ ಬಸ್ ಹಿಡಿದು ಬರುತ್ತಾನೆ.

ನಾನೂ ಎರಡು ವರ್ಷ ತಿದ್ದಿದವನೇ. ಅದಕ್ಕೆಂದೇ 2,400 ರೂಪಾಯಿ ಸುರಿದು, ಮೇಜಿನ ಮೇಲೆ ನಿಲ್ಲಿಸಿ ದಾಳ ಮರೆಮಾಡುವ ಮಡಚುವ ಪರದೆ ತರಿಸಿದ್ದೆ. ಶಾಸ್ತ್ರದ ಬೆಂಬಲವೂ ಇತ್ತು: ದಾಳದ ಫಲವನ್ನು ತಳ್ಳಿಹಾಕುವ ಹಕ್ಕನ್ನು ಈ ಆಟ ಹುಟ್ಟುಹಾಕಿದವರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1979ರ ಮಾರ್ಗದರ್ಶಿಯಲ್ಲೇ ಕೊಟ್ಟಿದ್ದಾರೆ. 2014ರ ಮಾರ್ಗದರ್ಶಿಯೂ ಪರದೆಯ ಹಿಂದೆ ತಿದ್ದಬಹುದು, ಆದರೆ ಆಟಗಾರರಿಗೆ ಸುಳಿವು ಕೊಡಬೇಡಿ ಎನ್ನುತ್ತದೆ. ಆ ಎರಡನೆಯ ಮಾತೇ ಆಗದ ಕೆಲಸ. ಒಂದು ದಿನ ಗಾಬ್ಲಿನ್ ಎಂಬ ಕುಳ್ಳ ಶತ್ರು ಬಾಣ ಬಿಟ್ಟಾಗ ನಾನು "ಏಳು, ತಪ್ಪಿತು" ಎಂದೆ. ಮೂಲೆಯಲ್ಲಿ ಕುಳಿತಿದ್ದ ಹುಡುಗಿ ತಲೆಯೆತ್ತದೆ, "ಅಣ್ಣಾ, ದಾಳ ಇನ್ನೂ ಉರುಳುತ್ತಿತ್ತಲ್ಲ" ಎಂದಳು. ಉರುಳುತ್ತಲೇ ಇತ್ತು. ನಿಂತಾಗ ಹತ್ತೊಂಬತ್ತು, ಅಂದರೆ ಬಾಣ ತಾಗಿತ್ತು.

ಬುದ್ಧಿ ಬಂತೇ? ಇಲ್ಲ. ದಾಳ ಬಿಟ್ಟು ಶತ್ರುವಿನ ಹಿಟ್ ಪಾಯಿಂಟ್, ಅಂದರೆ ಎಷ್ಟು ಏಟು ತಿಂದರೆ ಬೀಳುತ್ತಾನೆಂಬ ಲೆಕ್ಕವನ್ನು ತಿದ್ದತೊಡಗಿದೆ. ಇದು ಯಾರಿಗೂ ಕಾಣದು ಅಂದುಕೊಂಡೆ. ನಮ್ಮಲ್ಲೊಬ್ಬ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಕೂಡಿಸುವುದು ಅವನಿಗೆ ಚಟ. "ಹೋದ ತಿಂಗಳ ಓಗರ್ ದೈತ್ಯ 59ಕ್ಕೆ ಬಿದ್ದಿತ್ತು. ಇದಕ್ಕೆ 81 ಕೊಟ್ಟಾಯಿತು, ಇನ್ನೂ ನಿಂತಿದೆಯಲ್ಲ?" ಎಂದು ಪುಸ್ತಕ ತಿರುಗಿಸಿ ತೋರಿಸಿದ. ಆ ತಿಂಗಳು ಇಬ್ಬರು ಆಟಕ್ಕೆ ಬರಲಿಲ್ಲ. ಸೋಲಿನ ಭಯದಿಂದ ಹೋದವರಲ್ಲ ಅವರು. ಗೆದ್ದರೂ ಅದು ತಮ್ಮ ಗೆಲುವಲ್ಲ ಎಂದು ಹೋದವರು.

ಅಂದೇ ಪರದೆ ಮಡಚಿದೆ. ಮೂರನೆಯ ವಾರವೇ ಪರೀಕ್ಷೆ ಬಂತು. ಓಗರ್ ಗದೆ ಬೀಸಿತು, ಮೇಜಿನ ನಡುವೆ 20 ಬಿತ್ತು, ಎಲ್ಲಕ್ಕಿಂತ ಜೋರಿನ ಏಟು. ಏಟು ಎಷ್ಟೆಂದು ನೋಡಲು ಎಂಟು ಮುಖದ ನಾಲ್ಕು ದಾಳ ಕೈಗೆತ್ತಿಕೊಂಡೆ; ಮಳೆಗೆ ಶೀಟು ಬಡಿಯುತ್ತಿತ್ತು, ಯಾರೂ ಮಾತಾಡಲಿಲ್ಲ. ಹತ್ತೊಂಬತ್ತು ಬಿತ್ತು, ಅದರ ಮೇಲೆ ಓಗರ್‌ನ ಬಲಕ್ಕೆ ನಾಲ್ಕು. ಏಟು ತಿಂದ ಮಾಂತ್ರಿಕನಿಗಿದ್ದದ್ದು ಒಟ್ಟು ಎಂಟು ಹಿಟ್ ಪಾಯಿಂಟ್. ಉಳಿದ ಹದಿನೈದು ಆ ಎಂಟನ್ನೂ ಮೀರುವುದರಿಂದ ಬದುಕುಳಿಯಲು ಎಸೆಯುವ ಸಾವಿನ ದಾಳದ ಅವಕಾಶವೂ ಇಲ್ಲ, ಸ್ಥಳದಲ್ಲೇ ಮುಗಿಯಿತು. ತೀರ್ಥಹಳ್ಳಿಯವನ ಪಾತ್ರ ಅದು. ಕೊನೆಯ ಬಸ್ಸಿಗೆ ಮಾತಿಲ್ಲದೆ ಹೊರಟ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದವನು ಅವನೇ, ಸತ್ತವನ ತಮ್ಮನ ಪಾತ್ರ ಬರೆದುಕೊಂಡು. ಅದಾದ ಮೇಲೆ ಇನ್ನೂ ನಾಲ್ಕು ಸಾವುಗಳಾಗಿವೆ. ಗುಂಪು ಬಿಟ್ಟವರು ಸೊನ್ನೆ, ಮೊದಲು ಹೋಗಿದ್ದ ಇಬ್ಬರೂ ವಾಪಸು.

ಕೆಲಸವೆಲ್ಲ ದಾಳ ಎಸೆಯುವ ಮೊದಲೇ ಇರುವುದು. ಎಷ್ಟು ಬಿದ್ದರೆ ಏನಾಗುತ್ತದೆಂದು ಮೊದಲೇ ಬಾಯಿಬಿಟ್ಟು ಹೇಳುತ್ತೇನೆ. ಯಾವುದಾದರೊಂದು ಫಲ ನನಗೇ ಒಪ್ಪಿಗೆಯಿಲ್ಲದಿದ್ದರೆ ದಾಳವನ್ನೇ ಮುಟ್ಟುವುದಿಲ್ಲ. ಶತ್ರು ಯಾವಾಗ ಓಡುತ್ತಾನೆ, ಯಾವಾಗ ಕೊಲ್ಲದೆ ಸೆರೆಹಿಡಿಯುತ್ತಾನೆ ಎಂಬುದು ಶನಿವಾರವೇ ನಿರ್ಧಾರವಾಗಿರುತ್ತದೆ. ಬೆಳಗಾಗುವುದರೊಳಗೆ ಪ್ರಸಂಗ ಮುಗಿಸಲು ಭಾಗವತರು ನಾಲ್ಕು ಪದ್ಯ ಬಿಡುವುದಿಲ್ಲವೇ? ಅಷ್ಟು ಸ್ವಾತಂತ್ರ್ಯ ನನಗೂ ಇದೆ. ಆದರೆ ನಮ್ಮಜ್ಜಿ ಚೌಕಾಬಾರದಲ್ಲಿ ಕವಡೆಯನ್ನು ಸೆರಗಿನ ಮರೆಯಲ್ಲಿ ಬಿಟ್ಟದ್ದನ್ನು ನಾನು ಕಂಡಿಲ್ಲ.

ನಡುವೆ ಒಂದು ಹುಚ್ಚೂ ಹಿಡಿದಿತ್ತು. ಎಲ್ಲರೆದುರು ಎಸೆಯುವ ದಾಳವೇ ಸೊಟ್ಟಗಿದ್ದರೆ? ಅಪ್ಪೆಮಿಡಿಗೆಂದು ಅಮ್ಮ ತಂದಿಟ್ಟ ಕಲ್ಲುಪ್ಪಿನಲ್ಲಿ ಅರ್ಧ ಕಿಲೋದಷ್ಟನ್ನು ನೀರಿಗೆ ಕರಗಿಸಿ ಏಳು ದಾಳ ತೇಲಿಸಿದೆ. ಬೆರಳಲ್ಲಿ ತಿರುಗಿಸಿ ಬಿಟ್ಟಷ್ಟು ಸಲವೂ ಎರಡು ದಾಳ ಒಂದೇ ಮುಖವನ್ನು ಮೇಲೆ ಮಾಡಿದವು, ಅಂದರೆ ಒಂದು ಬದಿ ಭಾರ; ಅವನ್ನು ಕಸಕ್ಕೆ ಎಸೆದೆ. 1,800 ರೂಪಾಯಿಯ ಲೋಹದ ದಾಳ ಕಲ್ಲಿನಂತೆ ಮುಳುಗಿತು; ಪರೀಕ್ಷೆಯೂ ಇಲ್ಲ, ಮೇಲಿಂದ ಮೇಜಿಗೆ ಗುಳಿ ಬೇರೆ. ಅಮ್ಮನ ಬೈಗುಳ ಲೆಕ್ಕಕ್ಕಿಲ್ಲ.

ಈಗ ದಾಳ ಉರುಳುವುದು ಐದು ರೂಪಾಯಿಯ ಅಡಿಕೆ ಹಾಳೆ ತಟ್ಟೆಯಲ್ಲಿ. ಅಂಚು ಎತ್ತರ, ಹಾರಿ ಹೋಗುವುದಿಲ್ಲ. ಕಟಕಟ ಸದ್ದು ಆಚೆ ಕೋಣೆಗೂ ಕೇಳಿಸುತ್ತದೆ. ಮಳೆಗಾಲದಲ್ಲಿ ಮಾತ್ರ ಎರಡು ವಾರಕ್ಕೆ ಬೂಸರು ಹಿಡಿಯುತ್ತದೆ, ಆಗ ಹೊಸದು ತೆಗೆಯುವುದು. ಪರದೆಯನ್ನು ಅಮ್ಮ ಗ್ಯಾಸ್ ಒಲೆಯ ಬದಿಗೆ ಗಾಳಿತಡೆಯಾಗಿ ಇಟ್ಟುಕೊಂಡಿದ್ದಾರೆ.