ತಲೆಯೊಳಗಿನ ಗಲಿಬಿಲಿಗೆ ಗಟ್ಟಿ ಮಾತೇ ಮದ್ದು: ರಿಟರ್ನ್ಸ್ ಫೈಲ್ ಮಾಡುವವನ ಅನುಭವ

11 (ಮಾರಾಟದ ವಿವರ ಕೊಡಲು ಕೊನೆ ದಿನ), 14 (ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ, ಅಂದರೆ 2ಬಿ, ಬರುವ ದಿನ), 20 (ತೆರಿಗೆ ಕಟ್ಟಿ ರಿಟರ್ನ್, ಅಂದರೆ 3ಬಿ, ಹಾಕಲು ಕೊನೆ ದಿನ). ಜಿಎಸ್‌ಟಿ ಕೆಲಸ ಮಾಡುವವರಿಗೆ ಈ ತಾರೀಕುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. 18, 19ರ ಹೊತ್ತಿಗೆ ತಲೆ ಹೇಗಿರುತ್ತದೆ ಅನ್ನೋದೂ ನಿಮಗೆ ಗೊತ್ತು. ಒಂದು ಪಾರ್ಟಿಯ (ನಮಗೆ ಕೆಲಸ ಕೊಟ್ಟ ವ್ಯಾಪಾರಿಯ) 2ಬಿ ನೋಡುತ್ತಿದ್ದರೆ ಇನ್ನೊಂದು ಪಾರ್ಟಿಯ ಕ್ರೆಡಿಟ್ ನೋಟ್ (ಬಿಲ್ ಮೊತ್ತ ಇಳಿಸುವ ಚೀಟಿ) ನೆನಪಾಗುತ್ತದೆ. ಅಷ್ಟರಲ್ಲಿ ಮೂರನೆಯವರ ಫೋನ್. ದಾವಣಗೆರೆಯಲ್ಲಿ ನಾನು ಸುಮಾರು ನೂರೈವತ್ತು ಪಾರ್ಟಿಗಳ ರಿಟರ್ನ್ಸ್ ನೋಡಿಕೊಳ್ಳುತ್ತೇನೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಶುರುವಾದ ಈ ಗಲಿಬಿಲಿ ವರ್ಷಗಟ್ಟಲೆ ಬಿಡಲಿಲ್ಲ. ಈಗ ಬಿಟ್ಟಿದೆ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡುವ ಮೊದಲು ಹತ್ತು ನಿಮಿಷ ನನ್ನ ಜೊತೆ ನಾನೇ ಗಟ್ಟಿಯಾಗಿ ಮಾತಾಡುತ್ತೇನೆ, ಅಷ್ಟೇ.

"ಇದೆಲ್ಲ ಆಗೋ ಮಾತಲ್ಲ ಸಾರ್" ಅಂದವರೇ ಜಾಸ್ತಿ. ಪಕ್ಕದ ಆಫೀಸಿನ ಸ್ನೇಹಿತರು ನಾಲ್ಕು ದಿನ ರಜೆ ಹಾಕಿ ಅಂದರು. ಮನೆಯಲ್ಲಿ "ಒಂದ್ಸಲ ಡಾಕ್ಟರ್ ಹತ್ರ ಹೋಗಿ ಬರೋಣ್ವೇನ್ರೀ?" ಅಂತ ಕೇಳಿದ್ದೂ ಆಯಿತು. ಹೋದ ಮಾರ್ಚ್‌ನಲ್ಲಿ ನನ್ನ ಆಫೀಸಿನ ದೀಪ ಏಳು ಗಂಟೆಗೆ ಆರುತ್ತಿತ್ತು, ಪಕ್ಕದ ಆಫೀಸಿನವರದ್ದು ಹನ್ನೊಂದಾದರೂ ಉರಿಯುತ್ತಿತ್ತು. ಆಮೇಲೆ ಅವರೇ ಬಂದು ವಿಧಾನ ಕೇಳಿದರು.

ಅದಕ್ಕೆ ಮುಂಚೆ ಸುಮಾರು ದುಡ್ಡು ಹೋಗಿದೆ. ಧ್ಯಾನದ ಆ್ಯಪ್‌ಗೆ ವರ್ಷಕ್ಕೆ ಸಾವಿರದೈನೂರೋ ಎಷ್ಟೋ ಕಟ್ಟಿದೆ. ಕಣ್ಣು ಮುಚ್ಚಿದರೆ ಪಾರ್ಟಿಗಳೇ ಸಾಲಾಗಿ ಬರುತ್ತಿದ್ದರು. ಎರಡು ದಿನದ ಶಿಬಿರಕ್ಕೆ ಊಟ, ವಸತಿ ಸೇರಿ ಆರು ಸಾವಿರದ ಹತ್ತಿರ ಆಯಿತು. ಸೋಮವಾರ ಮಧ್ಯಾಹ್ನದವರೆಗೆ ತಲೆ ಹಗುರವಾಗಿತ್ತು, ಆಮೇಲೆ ಹಳೇ ಕಥೆ. ಡೈರಿ ಬರೆದೆ, ಪಟ್ಟಿ ಉದ್ದವಾಯಿತೇ ಹೊರತು ಏನೂ ಕಡಿಮೆಯಾಗಲಿಲ್ಲ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದಂತೂ ಪೂರ್ತಿ ದಂಡ. ರೆಕಾರ್ಡಿಂಗ್ ಆನ್ ಇದ್ದರೆ ಪಾರ್ಟಿ ಎದುರು ಕೂತ ಹಾಗೆ ಮಾತು ನಾಜೂಕಾಗುತ್ತದೆ. ಒಳಗಿರುವುದು ಹೊರಗೆ ಬರುವುದೇ ಇಲ್ಲ.

ಗಟ್ಟಿಯಾಗಿ ಮಾತಾಡಲು ಶುರು ಮಾಡಿದ ಮೇಲೂ ಮೊದಲ ಕೆಲವು ತಿಂಗಳು ಹಿಡಿತ ಸಿಗಲಿಲ್ಲ. ಪಿಸುಗುಟ್ಟಿದರೆ ಸಾಲದು, ಮಾತು ನಮ್ಮ ಕಿವಿಗೇ ಬೀಳಬೇಕು. "ನಾನು" ಅಂತ ಶುರು ಮಾಡಿದರೆ ಗೋಳು ಶುರುವಾಗುತ್ತದೆ. "ನೀನು" ಅಂದರೆ ಮಾತು ಕೆಲಸದ ಕಡೆ ತಿರುಗುತ್ತದೆ. ಮುಖ್ಯವಾದದ್ದು ಇನ್ನೊಂದು. ಮನಸ್ಸಿನೊಳಗೆ ಯೋಚನೆ ಅರ್ಧಕ್ಕೇ ನಿಂತು ಮತ್ತೆ ಮೊದಲಿಂದ ಸುತ್ತುತ್ತದೆ. ಬಾಯಲ್ಲಿ ಹೇಳುವಾಗ ವಾಕ್ಯ ಮುಗಿಸಲೇಬೇಕು. ಅದಕ್ಕೆ ಪ್ರತಿ ಪಾರ್ಟಿಯ ಮಾತನ್ನೂ ಮೂರರಲ್ಲಿ ಒಂದು ರೀತಿ ಮುಗಿಸುತ್ತೇನೆ: ಇವತ್ತು ಮಾಡ್ತೀಯಾ, ಅವರನ್ನೇ ಕೇಳ್ತೀಯಾ, ಇವತ್ತಿಗೆ ಬಿಡ್ತೀಯಾ. "ಅಡಿಕೆ ಮಂಡಿಯವರ ಎರಡು ಬಿಲ್ 2ಬಿಯಲ್ಲಿ ಬಂದಿಲ್ಲ, ಹತ್ತು ಗಂಟೆಗೆ ಸಪ್ಲೈಯರ್‌ಗೆ ಫೋನ್ ಮಾಡ್ತೀಯಾ." ಮುಗೀತು. ಆ ವಿಷಯ ಹತ್ತು ಗಂಟೆವರೆಗೆ ಮತ್ತೆ ತಲೆಗೆ ಬರಲ್ಲ. ಯಾವ ಪಾರ್ಟಿಯಿಂದ ಶುರು ಮಾಡುತ್ತೇನೆ, 20ನೇ ತಾರೀಕು ಮಧ್ಯಾಹ್ನ ಪೋರ್ಟಲ್ ತಿರುಗುತ್ತಾ ನಿಂತಾಗ ಏನು ಹೇಳಿಕೊಳ್ಳುತ್ತೇನೆ, ಇವೆರಡು ನನ್ನ ಹತ್ತಿರವೇ ಇರಲಿ.

ನನ್ನ ಷಡ್ಡಕ ಲೋಕೋ ಪೈಲಟ್. ಇಂಜಿನ್‌ನಲ್ಲಿ ಅವರೂ ಅಸಿಸ್ಟೆಂಟೂ ಮುಂದಿನ ಸಿಗ್ನಲ್ಲಿನ ಬಣ್ಣವನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಿಕೊಳ್ಳಬೇಕು, ಅದು ನಿಯಮ. ಜಪಾನ್ ರೈಲ್ವೆಯಲ್ಲಂತೂ ಬೆರಳು ತೋರಿಸಿ ಹೇಳುತ್ತಾರೆ. ಅಲ್ಲಿ 1994ರಲ್ಲಿ ಪರೀಕ್ಷೆ ಮಾಡಿದಾಗ ನೂರಕ್ಕೆ ಹೆಚ್ಚುಕಡಿಮೆ 2.4 ಇದ್ದ ತಪ್ಪು 0.4ಕ್ಕಿಂತ ಕೆಳಗಿಳಿಯಿತು. ನಮ್ಮ ಆಫೀಸಿಗೂ ಅದನ್ನೇ ತಂದೆ. 3ಬಿ ಫೈಲ್ ಮಾಡುವ ಮೊದಲು ಸ್ಕ್ರೀನ್ ಮೇಲೆ ಬೆರಳಿಟ್ಟು ಹೆಸರು, ತಿಂಗಳು, ಮೂರೂ ಹೆಡ್‌ಗಳ (ಕೇಂದ್ರ, ರಾಜ್ಯ, ಅಂತರರಾಜ್ಯ ತೆರಿಗೆಗಳ) ಮೊತ್ತ ಗಟ್ಟಿಯಾಗಿ ಹೇಳಬೇಕು. ಮೊದಲು ತಿಂಗಳಿಗೆ ಮೂರ್ನಾಲ್ಕು ಪಿಎಂಟಿ-09 (ತಪ್ಪು ಹೆಡ್‌ಗೆ ಕಟ್ಟಿದ ದುಡ್ಡನ್ನು ಸರಿಯಾದ ಹೆಡ್‌ಗೆ ತಿರುಗಿಸುವ ಫಾರಂ) ಹಾಕುವುದು ಮಾಮೂಲಿ. ಈಗ ವರ್ಷಕ್ಕೆ ಒಂದೋ ಎರಡೋ. ಹುಡುಗರು ಶುರುವಿನಲ್ಲಿ ಸಂಕೋಚಪಟ್ಟರು, ಈಗ ನಾನು ಇಲ್ಲದಿದ್ದರೂ ಹೇಳಿಯೇ ಒತ್ತುತ್ತಾರೆ.

ಹುಡುಕುವ ವಸ್ತುವಿನ ಹೆಸರನ್ನು ಗಟ್ಟಿಯಾಗಿ ಹೇಳಿಕೊಂಡರೆ ಬೇಗ ಸಿಗುತ್ತದೆ ಅಂತ ಅಮೆರಿಕದ ಇಬ್ಬರು ಸಂಶೋಧಕರು 2012ರಲ್ಲಿ ಬರೆದಿದ್ದಾರೆ. ಅದನ್ನೂ ನೋಡಿದೆ. ಸೀಲು, ಡಿಜಿಟಲ್ ಸಹಿಯ (ಡಿಎಸ್‌ಸಿ) ಟೋಕನ್‌ನಂಥವು ಬೇಗ ಸಿಕ್ಕವು. ಬಿಲ್ಲಿನ ಕಟ್ಟುಗಳಿಗೆ ಉಪಯೋಗವಾಗಲಿಲ್ಲ, ಎಲ್ಲ ಕಟ್ಟೂ ಒಂದೇ ಥರ ಕಾಣುತ್ತವಲ್ಲ.

ಸಂಜೆ ಹೊತ್ತು ಮಾಡಿ ನೋಡಿದೆ. ನಿದ್ದೆ ಹಾಳಾಯಿತು, ಯಾಕೆಂದರೆ "ಮಾಡ್ತೀಯಾ" ಅಂದಿದ್ದನ್ನು ಆಗಲೇ ಮಾಡಿ ಮುಗಿಸಬೇಕು ಅನಿಸುತ್ತದೆ. ಹಾಗಾಗಿ ಬೆಳಿಗ್ಗೆ ಮಾತ್ರ, ಕುಂದುವಾಡ ಕೆರೆ ಸುತ್ತುವಾಗ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು. ಫೋನಿನಲ್ಲಿ ಮಾತಾಡುತ್ತಿದ್ದೇನೆ ಅಂದುಕೊಂಡು ಯಾರೂ ತಡೆಯುವುದಿಲ್ಲ. ಮಳೆ ಬಂದರೆ ಕಾರಿನೊಳಗೆ, ಗಾಜು ಏರಿಸಿಕೊಂಡು. ಖರ್ಚು ಅಂದರೆ ಆ ಇನ್ನೂರು ರೂಪಾಯಿ ಇಯರ್‌ಫೋನ್ ಮಾತ್ರ.